ದೇವರ ಮೀನು ಮತ್ತು ನದಿಯ ಮಡು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ತಾಲ್ಲೂಕುಗಳ ಅಂಚಿನಲ್ಲಿ ಭೀಮಾ ನದಿ ಹರಿಯುತ್ತದೆ. ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ಕೃಷ್ಣೆ. ಕಡುಬೇಸಿಗೆಯಲ್ಲಿ ಭೀಮೆಯ ಹರಿವು ಕುಗ್ಗಿ ಅಲ್ಲಲ್ಲಿ ಮಡುಗಳು ಮಾತ್ರ ಉಳಿಯುತ್ತವೆ. ಮಳೆಗಾಲದಲ್ಲಿ ಮೊಟ್ಟೆಯಿಡಬೇಕಾದ ಮೀನುಗಳು ಆ ಮಡುಗಳಲ್ಲಿ ಆಶ್ರಯ ಪಡೆದಿರುತ್ತವೆ. ಅಲ್ಲಿಗೆ ವಿಷ ಹಾಕಿದರೆ ಅಥವಾ ಸಿಡಿಮದ್ದು ಎಸೆದರೆ ಅಂದಿನ ಮೀನಿನೊಂದಿಗೆ ಮುಂದಿನ ವರ್ಷದ ಪೀಳಿಗೆಯೂ ನಾಶವಾಗುತ್ತದೆ. ಇದನ್ನು ತಡೆಯಲು ನಮ್ಮಲ್ಲಿ ಎರಡು ದಾರಿಗಳು ಬೆಳೆದುಬಂದಿವೆ: ಒಂದು ಜನರ ಕಟ್ಟಳೆ, ಇನ್ನೊಂದು ಸರ್ಕಾರದ ಕಾಯ್ದೆ.

ಈ ಸೀಮೆಯಲ್ಲಿ ಮೀನಿನ ತಿಳಿವಳಿಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (ಆಳ್ವಿಕೆ 1126–1138) 'ಮಾನಸೋಲ್ಲಾಸ'ದಲ್ಲಿ ಮೀನುಗಳ ಬಗೆಗಳೂ ಅವುಗಳ ಆಹಾರವೂ ವಿವರವಾಗಿ ಬಂದಿವೆ. 1839ರಲ್ಲಿ ಕರ್ನಲ್ ಸೈಕ್ಸ್ ದಖ್ಖನಿನ ಮೀನುಗಳನ್ನು ವರ್ಣಿಸಿದಾಗ, ಭೀಮೆಗೆ ಸೇರುವ ಪುಣೆಯ ಮುಳಾ–ಮುಠಾ ನದಿಯ ಒಂದು ಮಾಶೀರ್ ಮೀನಿಗೆ ಹೆಸರಿಟ್ಟ. ಅದೇ ಇಂದಿನ 'ಟಾರ್ ಖುದ್ರೀ'.

ಈ ಮಾಶೀರ್ ಕುಲಕ್ಕೆ ಕರ್ನಾಟಕದಲ್ಲಿ ರಕ್ಷಣೆ ದೊರೆತದ್ದು ದೇವಾಲಯಗಳ ಬಳಿ. ಶೃಂಗೇರಿಯಲ್ಲಿ ತುಂಗೆಯ ಮೀನುಗಳನ್ನಾಗಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ನದಿಯ ಮೀನುಗಳನ್ನಾಗಲಿ ಯಾರೂ ಹಿಡಿಯುವುದಿಲ್ಲ. ಭಕ್ತರು ಅವುಗಳಿಗೆ ಆಹಾರ ಹಾಕುತ್ತಾರೆ. ಭಕ್ತಿಯಿಂದ ಬಂದ ಈ ಕಟ್ಟಳೆಯ ಹಿಂದೆ ಜೀವವಿಜ್ಞಾನದ ಲಾಭವಿದೆ. ಮಾಶೀರ್ ನಿಧಾನವಾಗಿ ಬೆಳೆಯುವ ಮೀನು. ಬಲಿತ ದೊಡ್ಡ ಹೆಣ್ಣುಮೀನು ಹೆಚ್ಚು ಮೊಟ್ಟೆಯಿಡುತ್ತದೆ. ಒಂದು ಮಡುವಿನಲ್ಲಿ ಇಂಥ ತಾಯಿಮೀನುಗಳು ಉಳಿದರೆ ನದಿಯ ಉಳಿದ ಭಾಗಕ್ಕೂ ಮರಿಗಳು ಸಿಗುತ್ತವೆ.

ಕಾಯ್ದೆ ಬಂದದ್ದು ತಡವಾಗಿ. 1873ರ ತಮ್ಮ ವರದಿಯಲ್ಲಿ ಫ್ರಾನ್ಸಿಸ್ ಡೇ, ಸಣ್ಣ ಕಣ್ಣಿನ ಬಲೆಗಳಿಂದಲೂ ವಿಷದಿಂದಲೂ ಸಿಹಿನೀರಿನ ಮೀನು ಹಾಳಾಗುತ್ತಿರುವುದನ್ನು ತೋರಿಸಿದರು. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಸಿಡಿಮದ್ದು ಮತ್ತು ವಿಷದ ಬಳಕೆಯನ್ನು ಅಪರಾಧವೆಂದು ಸಾರಿತು. ಶಿಕ್ಷೆ ಎರಡು ತಿಂಗಳವರೆಗಿನ ಸೆರೆವಾಸ ಅಥವಾ 200 ರೂಪಾಯಿವರೆಗಿನ ದಂಡ. ಬಲೆಯ ಕಣ್ಣಿನ ಅಳತೆ ಗೊತ್ತುಪಡಿಸುವ, ಗುರುತಿಸಿದ ನೀರಿನಲ್ಲಿ ಎರಡು ವರ್ಷದವರೆಗೆ ಮೀನುಗಾರಿಕೆಯನ್ನೇ ನಿಲ್ಲಿಸುವ ಅಧಿಕಾರವೂ ಸರ್ಕಾರಕ್ಕೆ ದೊರೆಯಿತು. ದೇವರ ಮಡುವಿನ ಕಟ್ಟಳೆಯೇ ಇಲ್ಲಿ ನಿಯಮದ ರೂಪ ತಾಳಿತೆನ್ನಬಹುದು.

ಎರಡೂ ಇದ್ದರೂ 1996ರಲ್ಲಿ ಶಿಶಿಲದ ನೀರಿಗೆ ದುಷ್ಕರ್ಮಿಗಳು ವಿಷ ಬೆರೆಸಿದರು. ಸಾವಿರಾರು ಮೀನುಗಳು ಸತ್ತವು. ಕಟ್ಟಳೆ ಅದನ್ನು ನಂಬುವವರನ್ನು ಮಾತ್ರ ತಡೆಯುತ್ತದೆ. ಕಾಯ್ದೆ ಪ್ರತಿ ದಡದಲ್ಲೂ ಕಾವಲು ನಿಲ್ಲಲಾರದು. ಊರಿನ ಕಣ್ಣು ಮತ್ತು ಕಾಯ್ದೆಯ ಕೈ ಜೊತೆಗೂಡಿದಾಗ ಮಾತ್ರ ಮಡು ಉಳಿದೀತು.

ಭೀಮಾ, ಕೃಷ್ಣಾ ತೀರದ ಶಾಲೆಗಳ ವಿದ್ಯಾರ್ಥಿಗಳು ಈ ಬೇಸಿಗೆಯಲ್ಲಿ ಒಂದು ಕೆಲಸ ಮಾಡಬಹುದು. ನಿಮ್ಮೂರಿನ ಬಳಿ ನೀರು ಬತ್ತದ ಮಡುಗಳು ಎಲ್ಲಿವೆ? ಅಲ್ಲಿ ಯಾವ ಮೀನುಗಳಿವೆ? ಹಿರಿಯ ಅಂಬಿಗರನ್ನು ಕೇಳಿ ಬರೆದಿಡಿ. ಯಾವ ಮಡುವನ್ನು ಕಾಯಬೇಕೆಂದು ತಿಳಿಯಲು ಆ ಪಟ್ಟಿಯೇ ಮೊದಲ ಹೆಜ್ಜೆ.