ಹೊಳಪಿನ ಖರ್ಚು

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ದೆಹಲಿಯ ಹರ್ಪಾಲ್ ಸಿಂಗ್ ಅವರ ಕೈಗೆ ಒಂದು ಕಾರಿನ ಕೀಲಿ ಕೊಟ್ಟರು. ಗುಡಗಾಂವ್ ಕಾರ್ಖಾನೆಯಿಂದ ಗ್ರಾಹಕರ ಕೈ ಸೇರಿದ ಮೊದಲ ಮಾರುತಿ 800 ಅದು. ಬೆಲೆ 47,500 ರೂಪಾಯಿ, ನೋಂದಣಿ ಸಂಖ್ಯೆ ಡಿಐಎ 6479, ಬಣ್ಣ ಬಿಳಿ. ಇಂಡಿಯನ್ ಏರ್‌ಲೈನ್ಸ್ ಉದ್ಯೋಗಿಯಾಗಿದ್ದ ಸಿಂಗ್ ಅವರಿಗೆ ಅದು ಚೀಟಿ ಎತ್ತಿದಾಗ ಒಲಿದ ಅದೃಷ್ಟ. 2010ರಲ್ಲಿ ತೀರಿಕೊಳ್ಳುವವರೆಗೂ ಅವರು ಅದನ್ನು ಮಾರಲಿಲ್ಲ. ಆಮೇಲೆ ಕಾರು ಮನೆಯ ಹೊರಗೆ ಬಿಸಿಲು ಮಳೆಗೆ ನಿಂತಿತು. ತುಕ್ಕು ಹಿಡಿದ ಅದರ ಚಿತ್ರಗಳು ದೇಶವೆಲ್ಲ ಹರಿದಾಡಿದವು. ಕಡೆಗೆ ಕಂಪನಿಯೇ ಅದನ್ನು ಹೊಸದರಂತೆ ಮಾಡಿ, 2022ರಲ್ಲಿ ತನ್ನ ಪ್ರಧಾನ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿತು. ಆ ಕಚೇರಿ ಇರುವುದು ದಕ್ಷಿಣ ದೆಹಲಿಯ ವಸಂತ್ ಕುಂಜ್‌ನಲ್ಲಿ, ನೆಲ್ಸನ್ ಮಂಡೇಲಾ ರಸ್ತೆಯಲ್ಲಿ.

ಇಪ್ಪತ್ತೇಳು ವರ್ಷ ಓಡಿದ ಕಾರಿಗೆ ಕೆಲವೇ ವರ್ಷಗಳಲ್ಲಿ ತುಕ್ಕು ಮುತ್ತಿದ್ದು ಹೇಗೆ? ತಗಡನ್ನು ಕಾಯುವುದು ಅದರ ಮೇಲಿನ ತೆಳು ಬಣ್ಣ ಮಾತ್ರ. ಆ ತೆಳು ಪದರಕ್ಕೆ ನೂರು ವರ್ಷದ ಚರಿತ್ರೆಯಿದೆ. ಮನೆಯ ಮುಂದೆ ನಿಂತ ಕಾರಿನ ಗೀರನ್ನು ಸ್ವತಃ ತೆಗೆಯಲು ಹೊರಟವರು ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ನಿರ್ಧರಿಸುವುದು ಆ ಚರಿತ್ರೆಯೇ.

ಮೋಟಾರು ಬಂದ ಹೊಸತರಲ್ಲಿ ಕಾರಿಗೂ ಕುದುರೆ ಸಾರೋಟಿನ ಬಣ್ಣವೇ ಗತಿಯಾಗಿತ್ತು. ಎಣ್ಣೆ ವಾರ್ನಿಷನ್ನು ಪದರ ಪದರವಾಗಿ ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿಯುವಷ್ಟರಲ್ಲಿ ವಾರಗಳೇ ಕಳೆಯುತ್ತಿದ್ದವು. ಫೋರ್ಡ್ ಮಾಡೆಲ್ ಟಿ 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಷ್ಟೇ ಬಂದದ್ದಕ್ಕೆ ಈ ಕಾಯುವಿಕೆಯನ್ನು ತಪ್ಪಿಸಿಕೊಳ್ಳುವುದೂ ಒಂದು ಕಾರಣ. ಒಲೆಯಲ್ಲಿ ಬೇಯಿಸಬಹುದಾದ ಆ ಕಪ್ಪು ಅಗ್ಗವಾಗಿತ್ತು, ಗಟ್ಟಿಯಾಗಿತ್ತು. 1923ರಲ್ಲಿ ಡ್ಯೂಪಾಂಟ್ ಕಂಪನಿಯ ‘ಡ್ಯೂಕೊ’ ಬಂತು. ಸ್ಫೋಟಕಕ್ಕೂ ಸಿನಿಮಾ ರೀಲಿಗೂ ಬಳಕೆಯಾಗುತ್ತಿದ್ದ ನೈಟ್ರೋಸೆಲ್ಯುಲೋಸೇ ಅದರ ಮೂಲವಸ್ತು. ಜನರಲ್ ಮೋಟಾರ್ಸ್‌ನ ಓಕ್ಲೆಂಡ್ ಕಾರುಗಳು ಅದರ ನೀಲಿ ಬಣ್ಣ ತೊಟ್ಟು ಬೀದಿಗಿಳಿದವು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಆ ಕಂಪನಿಯ ಹೆಸರೇ ಕೇಳದವರೂ ನಮ್ಮಲ್ಲಿ ಇವತ್ತಿಗೂ ಬಾಗಿಲು, ಬೀರುವಿಗೆ ‘ಡ್ಯೂಕೊ ಪೇಂಟ್’ ಮಾಡಿಸುತ್ತಾರೆ.

ಡ್ಯೂಕೊದಂಥ ಲ್ಯಾಕರ್ ಬಣ್ಣಕ್ಕೆ ಒಂದು ವಿಶೇಷ ಗುಣವಿತ್ತು. ಒಣಗಿದ ಮೇಲೂ ಅದು ಥಿನ್ನರ್‌ನಲ್ಲಿ ಕರಗುತ್ತದೆ. ಹೊಸದಾಗಿ ಬಳಿದ ಬಣ್ಣ ಕೆಳಗಿನ ಹಳೆಯ ಪದರವನ್ನು ಕೊಂಚ ಕರಗಿಸಿ ಅದರೊಂದಿಗೇ ಬೆರೆತು ಒಂದಾಗುತ್ತದೆ. ದೆಹಲಿಯಲ್ಲಿ ‘ಡೆಂಟಿಂಗ್-ಪೇಂಟಿಂಗ್’, ಬೆಂಗಳೂರಿನಲ್ಲಿ ‘ಟಿಂಕರಿಂಗ್’ ಎಂದು ಕರೆಯುವ ರಸ್ತೆಬದಿಯ ಕಸುಬಿಗೆ ಇದು ವರವಾಗಿತ್ತು. ಪುಟ್ಟಿ, ವಾಟರ್ ಪೇಪರ್, ಗಾಳಿ ಪಂಪು ಮತ್ತು ಒಳ್ಳೆಯ ಕಣ್ಣಿದ್ದರೆ ಮರದ ನೆರಳಲ್ಲೇ ತೇಪೆ ಹಾಕಬಹುದಿತ್ತು. ಆಗ ರಿಪೇರಿ ಎಂದರೆ ಸೇರಿಸುವುದು.

ಕಾರ್ಖಾನೆಗಳು ಒಲೆಯಲ್ಲಿ ಬೇಯಿಸುವ ಎನಾಮೆಲ್‌ಗಳಿಗೆ ಹೊರಳಿದಾಗ ಈ ಅನುಕೂಲ ಹೋಯಿತು. ಬೆಂದಾಗ ಆ ಬಣ್ಣದ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಲ್ಯಾಕರಿನಂತೆ ಅದು ಮತ್ತೆ ಕರಗಿ ಹೊಸ ಬಣ್ಣದೊಂದಿಗೆ ಬೆರೆಯುವುದಿಲ್ಲ. 1980ರ ದಶಕದಲ್ಲಿ ಜಗತ್ತಿನ ಹೆಚ್ಚಿನ ಕಂಪನಿಗಳು ತೆಳುವಾದ ಬಣ್ಣದ ಪದರ ಹಾಕಿ, ಅದರ ಮೇಲೆ ಬಣ್ಣವಿಲ್ಲದ ಪಾರದರ್ಶಕ ‘ಕ್ಲಿಯರ್ ಕೋಟ್’ ಹೊದಿಸತೊಡಗಿದವು. ಇಂದಿನ ಕಾರಿನಲ್ಲಿ ಪ್ರೈಮರಿನಿಂದ ಕ್ಲಿಯರ್ ಕೋಟ್‌ವರೆಗಿನ ಎಲ್ಲ ಪದರ ಸೇರಿದರೂ ದಪ್ಪ ಸುಮಾರು 100ರಿಂದ 150 ಮೈಕ್ರಾನ್, ಎಂದರೆ ಒಂದೆರಡು ತಲೆಗೂದಲಿನಷ್ಟು. ಅದರಲ್ಲಿ ಕ್ಲಿಯರ್ ಕೋಟ್ ಪಾಲು 40-50 ಮೈಕ್ರಾನ್.

ಉಗುರು ಆಡಿಸಿದಾಗ ಸಿಕ್ಕಿಕೊಳ್ಳದ, ನೀರು ಹಾಕಿದಾಗ ಮಾಯವಾಗುವ ಗೀರು ಈ ಮೇಲ್ಪದರದಲ್ಲಷ್ಟೇ ಇರುತ್ತದೆ. ಅದನ್ನು ‘ತುಂಬುತ್ತೇವೆ’ ಎನ್ನುವ ಕ್ರೀಮು ಮಾಡುವುದು ತಾತ್ಕಾಲಿಕ ಕೆಲಸ. ನಾಲ್ಕು ಸಲ ತೊಳೆದರೆ ಗೀರು ಮರಳುತ್ತದೆ. ನಿಜವಾಗಿ ಗೀರು ಹೋಗಬೇಕಾದರೆ ಸುತ್ತಲಿನ ಪದರವನ್ನೇ ಗೀರಿನ ತಳದ ಮಟ್ಟಕ್ಕೆ ಇಳಿಸಬೇಕು. ರಬ್ಬಿಂಗ್ ಕಾಂಪೌಂಡ್ ಮಾಡುವುದು ಇದನ್ನೇ. 2000 ಅಥವಾ 3000 ನಂಬರಿನ ವಾಟರ್ ಪೇಪರ್ ಇದನ್ನೇ ಇನ್ನಷ್ಟು ಬೇಗ ಮಾಡುತ್ತದೆ. ಈಗ ರಿಪೇರಿ ಎಂದರೆ ಕಳೆಯುವುದು. ಪ್ರತಿ ಹೊಳಪೂ ಇದ್ದ ಬಂಡವಾಳದಿಂದ ತೆಗೆದ ಖರ್ಚು. ಕ್ಲಿಯರ್ ಕೋಟ್ ತೀರಾ ತೆಳುವಾದರೆ ಬಿಸಿಲಿಗೆ ಸೋತು ಹೊಪ್ಪಳೆಯಾಗಿ ಏಳುತ್ತದೆ. ಆಮೇಲೆ ಯಾವ ಪಾಲಿಶೂ ಕೆಲಸಕ್ಕೆ ಬಾರದು.

1980ರ ದಶಕದ ಮೊದಲಲ್ಲಿ ಬಿಳಿಯಂಥ ಸಾದಾ ಬಣ್ಣಗಳಿಗೆ ಸಾಮಾನ್ಯವಾಗಿ ಕ್ಲಿಯರ್ ಕೋಟ್ ಇರುತ್ತಿರಲಿಲ್ಲ. ಬಿಸಿಲಿಗೆ ಮೇಲ್ಮೈ ಸತ್ತು ಸುಣ್ಣದ ಪುಡಿಯಂತಾಗುತ್ತಿತ್ತು, ಉಜ್ಜಿದರೆ ಬಟ್ಟೆಗೆ ಬಿಳಿ ಅಂಟುತ್ತಿತ್ತು. ಆ ಸತ್ತ ಪದರ ತೆಗೆದರೆ ಕೆಳಗೆ ಜೀವಂತ ಬಣ್ಣ ಸಿಗುತ್ತಿತ್ತು. ಆದರೆ ತಗಡು ಕಾಣುವಷ್ಟು ಆಳದ ಗೀರಿಗೆ ಅಂದಿಗೂ ಇಂದಿಗೂ ಮದ್ದು ಒಂದೇ: ತುಕ್ಕು ಕೆರೆದು, ಪ್ರೈಮರ್ ಹಚ್ಚಿ, ಕಾರಿನ ಬಣ್ಣದ ಕೋಡ್ ನೋಡಿ ತಂದ ಟಚ್-ಅಪ್ ಬಣ್ಣವನ್ನು ತೆಳುವಾಗಿ, ಒಂದೊಂದೇ ಪದರ ಒಣಗಿಸುತ್ತ ತುಂಬುವುದು. ಇದು ಮನೆಯಲ್ಲೇ ಆಗುವ ಕೆಲಸ. ಎರಡು ದ್ರವ ಬೆರೆಸಿ ಸಿಂಪಡಿಸುವ ಕ್ಲಿಯರ್ ಕೋಟ್ ಹಾಗಲ್ಲ. ಅದರ ಗಟ್ಟಿಕಾರಕದಲ್ಲಿ ಸಾಮಾನ್ಯವಾಗಿ ಐಸೋಸಯನೇಟ್ ಇರುತ್ತದೆ. ಉಸಿರಿಗೆ ಸೇರಿದರೆ ಆಸ್ತಮಾ ತರಬಲ್ಲದು. ಮುಖಕ್ಕೆ ಕಟ್ಟಿದ ಬಟ್ಟೆ ಅದನ್ನು ತಡೆಯುವುದಿಲ್ಲ. ಫ್ಲ್ಯಾಟುಗಳ ಕೆಳಗಿನ ಪಾರ್ಕಿಂಗ್ ಅದಕ್ಕೆ ಜಾಗವಲ್ಲ.

ವಸಂತ್ ಕುಂಜ್‌ನ ನೆಲವೂ ಬಣ್ಣಕ್ಕೆ ಹಗೆ. ಈ ಬಡಾವಣೆ ಎದ್ದಿರುವುದು ಅರಾವಳಿಯ ಬಾಲದಂತಿರುವ ದೆಹಲಿ ರಿಡ್ಜ್‌ನ ಮೇಲೆ. ಅಲ್ಲಿನ ಬಂಡೆ ಕ್ವಾರ್ಟ್ಸೈಟ್. ಅದರ ಕ್ವಾರ್ಟ್ಸ್ ಕಣ ಗಾಜನ್ನೂ ಗೀರಬಲ್ಲಷ್ಟು ಗಟ್ಟಿ. ಕ್ಲಿಯರ್ ಕೋಟ್ ಅದರ ಮುಂದೆ ಬೆಣ್ಣೆ. ಬೇಸಿಗೆಯಲ್ಲಿ ರಾಜಸ್ಥಾನದ ಕಡೆಯಿಂದ ಬರುವ ಧೂಳೂ ಇದಕ್ಕೆ ಕೂಡಿಕೊಳ್ಳುತ್ತದೆ. ಬೆಳಗ್ಗೆ ಒಂದೇ ಬಕೆಟ್ಟಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಹತ್ತಾರು ಕಾರು ಒರೆಸಿದರೆ ಆ ಧೂಳೇ ಉಪ್ಪುಕಾಗದವಾಗುತ್ತದೆ. ಬಿಸಿಲಲ್ಲಿ ಬಾನೆಟ್ಟಿನ ಮೇಲೆ ಕಾಣುವ ಜೇಡರಬಲೆಯಂಥ ಸುತ್ತುಗೀರುಗಳು ಹುಟ್ಟುವುದು ಹೆಚ್ಚಾಗಿ ಹೀಗೆ, ಶುಚಿಯ ಹೆಸರಲ್ಲೇ.

ಇಷ್ಟೆಲ್ಲ ಕಾಪಾಡಿ ಉಳಿಸುವುದಾದರೂ ಎಷ್ಟು ಕಾಲಕ್ಕೆ? 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 15 ವರ್ಷ ದಾಟಿದ ವಾಹನಗಳನ್ನು ದೆಹಲಿಯ ರಸ್ತೆಯಿಂದ ಹೊರಗಿಟ್ಟಿತು. ಮರುವರ್ಷ ಡೀಸೆಲ್ ವಾಹನಗಳ ಮಿತಿಯನ್ನು 10ಕ್ಕೆ ಇಳಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ವಯಸ್ಸೊಂದನ್ನೇ ಕಾರಣ ಮಾಡಿ ಮಾಲೀಕರ ಮೇಲೆ ಕ್ರಮ ಬೇಡವೆಂದು ಅದೇ ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು. ದೆಹಲಿಯ ಹೊಗೆಯನ್ನು ಉಸಿರಾಡುವ ಮಕ್ಕಳ ಮುಂದೆ ಹಳೆಯ ಎಂಜಿನ್ನಿನ ಪರ ವಾದಿಸುವುದು ಸುಲಭವಲ್ಲ. ಆದರೆ ‘ಹೇಗೂ ಗುಜರಿಗೆ ಹೋಗುವುದು’ ಎಂಬ ಮಾತು ಮನಸ್ಸಿಗೆ ಹೊಕ್ಕರೆ, ಚಿಕ್ಕ ಗೀರಿಗೆ ಹಚ್ಚಬೇಕಾದ ಚಮಚೆಯಷ್ಟು ಬಣ್ಣವೂ ದಂಡವೆನಿಸುತ್ತದೆ. ತುಕ್ಕು ಶುರುವಾಗುವುದು ಅಲ್ಲೇ.

ಮೊದಲ ಮಾರುತಿ ಈಗ ಫಳಫಳಿಸುತ್ತಿದೆ. ಅದು ಕಂಪನಿಯ ಕೆಲಸ. ಅದಕ್ಕೂ ಮೊದಲಿನ ಇಪ್ಪತ್ತೇಳು ವರ್ಷ ಆ ಬಿಳಿಯನ್ನು ಉಳಿಸಿದ್ದು ಮನೆಯವರು. ಅಂಥ ಉಳಿಕೆಗೆ ಬೇಕಾದದ್ದು ಪಾಲಿಶ್ ಯಂತ್ರಕ್ಕಿಂತ ಮೊದಲು ಎರಡು ಬಕೆಟ್ ನೀರು: ಧೂಳು ಇಳಿಸಲು ಒಂದು, ಒರೆಸುವ ಬಟ್ಟೆ ಜಾಲಿಸಲು ಇನ್ನೊಂದು.