ಪದಕದ ಅಂಚು, ಹೆಳವರ ಹೊತ್ತಿಗೆ

ಸುಗ್ಗಿ ಮುಗಿದು ಬಿಳಿಜೋಳ ಮನೆ ಸೇರಿದ ಮೇಲೆ ವಿಜಯಪುರ ಸೀಮೆಯ ಹಳ್ಳಿಗಳಿಗೆ ವಂಶಾವಳಿ ಹೇಳುವ ಹೆಳವರು ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಕೂತು, ಕಾಲು ಕಾಣದಂತೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಬರುತ್ತಿದ್ದರು. ಈಗ ಟೆಂಪೊದಲ್ಲಿ ಬರುವವರೂ ಇದ್ದಾರೆ. ತಮ್ಮ ಒಕ್ಕಲಿನ ಮನೆ ಮುಂದೆ ಹೊತ್ತಿಗೆ ಬಿಚ್ಚಿದರೆಂದರೆ ಮೂಲಪುರುಷನಿಂದ ಶುರು: ಯಾವ ಊರಿಂದ ಬಂದವರು, ಬೆಡಗು ಯಾವುದು, ಮನೆದೇವರು ಯಾರು, ಯಾರ ಮಗ ಯಾರು. ಮನೆಯವರು ಜೋಳ, ಬಟ್ಟೆ, ಹಣ ಕೊಟ್ಟು ಆ ವರ್ಷ ಹುಟ್ಟಿದ ಕೂಸಿನ ಹೆಸರನ್ನೂ ಬರೆಸುತ್ತಾರೆ.

ಮನೆತನದಲ್ಲಿ 1914ರ ಯುದ್ಧಕ್ಕೆ ಹೋದ ಒಬ್ಬ ಸಿಪಾಯಿ ಇದ್ದನೆಂದು ಕೇಳಿದವರು ಹುಡುಕಾಟ ಆರಂಭಿಸಬೇಕಾದುದು ಇಲ್ಲಿಂದಲೇ.

ಇದೇ ಸೀಮೆಯ ಇಂಡಿ ತಾಲೂಕಿನ ಸಾಲೋಟಗಿಗೆ ಹೀಗೆ ಬರೆದಿಡುವುದರ ಬೆಲೆ ಹೊಸತಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಇಲ್ಲಿನ ಕಂಬದ ಶಾಸನ, ಮಂತ್ರಿ ನಾರಾಯಣ ಕಟ್ಟಿಸಿದ ವಿದ್ಯಾಶಾಲೆಯನ್ನು ನೆನೆಯುತ್ತದೆ. ನಾಡುನಾಡಿನ ವಿದ್ಯಾರ್ಥಿಗಳು ಬಂದು ಓದುತ್ತಿದ್ದ ಶಾಲೆ ಅದು. ಅವರ ವಸತಿಗೆ 27 ಮನೆಗಳಿದ್ದವು. ಊರಲ್ಲಿ ಮದುವೆಯಾದರೆ ಶಾಲೆಗೆ ಇಷ್ಟು ಕಾಸು, ಮುಂಜಿಯಾದರೆ ಇಷ್ಟು ಎಂದು ಕಟ್ಟಳೆಯಿತ್ತು.

ಅದೇ ಅರಸನ ಕಾಲದಲ್ಲಿ, ನಾಲ್ಕೈದು ವರ್ಷದ ನಂತರ, ಮದ್ದೂರು ಸೀಮೆಯ ಆತಕೂರಿನಲ್ಲಿ ಇನ್ನೊಂದು ಕಲ್ಲು ನಿಂತಿತು. ತಕ್ಕೋಲದ ಕಾಳಗದಲ್ಲಿ ಕಾದಿದ ಮಣಲೇರನಿಗೆ ಏನು ಬೇಕೆಂದು ಗಂಗ ಬೂತುಗ ಕೇಳಿದ. ಮಣಲೇರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಹಂದಿಯೊಡನೆ ಹೋರಾಡಿ ಆ ನಾಯಿ ಸತ್ತಾಗ ಅದರ ನೆನಪಿಗೂ ಕಲ್ಲು ನೆಟ್ಟರು. ಸಾವಿರ ವರ್ಷದ ಹಿಂದೆ ಒಂದು ನಾಯಿಯ ಹೆಸರನ್ನೂ ಕಲ್ಲಿಗೆ ಕೊಟ್ಟ ನಾಡಿದು.

1914ರ ಯುದ್ಧಕ್ಕೆ ಹೋದವರ ವಿಷಯದಲ್ಲಿ ಹಾಗಾಗಲಿಲ್ಲ. ಆಗ ಈ ಸೀಮೆ ಮುಂಬೈ ಪ್ರಾಂತಕ್ಕೆ ಸೇರಿದ ಬಿಜಾಪುರ ಜಿಲ್ಲೆ. ಹೀಗಾಗಿ ಇಲ್ಲಿಯ ಸಿಪಾಯಿಯನ್ನು ಹುಡುಕುವವರು ಮೊದಲು ನೋಡುವುದು ಮರಾಠಾ ಪಲ್ಟಣಗಳನ್ನು. 103, 110, 117ನೆಯ ಪಲ್ಟಣಗಳು ಮೆಸೊಪೊಟೇಮಿಯಾದ ಕುತ್ ಎಂಬ ಊರಲ್ಲಿ 147 ದಿನ ಮುತ್ತಿಗೆಯೊಳಗೆ ಸಿಕ್ಕಿಕೊಂಡು, ಉಪವಾಸದಿಂದ ಸೊರಗಿ, 1916ರ ಏಪ್ರಿಲ್ 29ರಂದು ಶರಣಾದವು. ಸೆರೆಯಾದವರು ಸುಡುಬಿಸಿಲಲ್ಲಿ ನೂರಾರು ಮೈಲಿ ನಡೆದರು. ಬಹಳ ಮಂದಿ ದಾರಿಯಲ್ಲೇ ಬಿದ್ದರು. ಆ ರಣರಂಗದಲ್ಲಿ ಸತ್ತು ಗೋರಿಯಿಲ್ಲದವರಿಗಾಗಿ ಬಸ್ರಾದಲ್ಲಿ ಎದ್ದ ಸ್ಮಾರಕದ ಮೇಲೆ ಬ್ರಿಟಿಷ್ ಸೈನಿಕರ ಹೆಸರುಗಳನ್ನು ಕೆತ್ತಿದರು. ಭಾರತದ ಸಾಮಾನ್ಯ ಸಿಪಾಯಿಗಳಿಗೆ ಸಿಕ್ಕಿದ್ದು ಪಲ್ಟಣದ ಹೆಸರು, ಮುಂದೆ ಒಂದು ಸಂಖ್ಯೆ. ಹೆಸರುಗಳು ದಫ್ತರದಲ್ಲಿ ಉಳಿದವು. ಈ ಅನ್ಯಾಯವನ್ನು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ 2021ರ ವರದಿಯಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ನೂರು ವರ್ಷ ತಡವಾಗಿ.

ಆ ದಫ್ತರ ಈಗ ಕಂಪ್ಯೂಟರಿನಲ್ಲಿ ತೆರೆಯುತ್ತದೆ. ಕೆಲವರ ಹೆಸರಿನ ಮುಂದೆ ಅಪ್ಪನ ಹೆಸರು, ಊರು, ಜಿಲ್ಲೆಯೂ ಇವೆ. ಕಷ್ಟವೆಂದರೆ ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡ ಊರ ಹೆಸರುಗಳು. ಒಂದೇ ಊರನ್ನು ನಾಲ್ಕು ಬಗೆಯಲ್ಲಿ ಹುಡುಕಬೇಕು. ಪಲ್ಟಣಗಳ ಸಂಖ್ಯೆಯೂ 1922ರಲ್ಲಿ ಬದಲಾಯಿತು: 103 ಎನ್ನುವುದು ಐದನೆಯ ಮರಾಠಾ ಲೈಟ್ ಇನ್‌ಫೆಂಟ್ರಿಯ ಮೊದಲ ಬೆಟಾಲಿಯನ್ ಆಯಿತು. ಅದರ ವಾರಸು ಇಂದಿನ ಮರಾಠಾ ಲೈಟ್ ಇನ್‌ಫೆಂಟ್ರಿ, ಆ ರೆಜಿಮೆಂಟಿನ ಸೆಂಟರ್ ಇರುವುದು ಬೆಳಗಾವಿಯಲ್ಲಿ.

ಮನೆಯ ಟ್ರಂಕಿನಲ್ಲಿ ಆ ಯುದ್ಧದ ಪದಕ, ಬೆಳ್ಳಿಯ ಬಿಲ್ಲೆಯೊಂದು ಉಳಿದಿದ್ದರೆ ಕೆಲಸ ಹಗುರ. ಒಂದು ಬದಿಗೆ ಐದನೆಯ ಜಾರ್ಜನ ಮುಖ, ಇನ್ನೊಂದು ಬದಿಗೆ ಬೆತ್ತಲೆ ಕುದುರೆಸವಾರ. ನೋಡಬೇಕಾದ್ದು ಅವೆರಡನ್ನೂ ಅಲ್ಲ, ಅಂಚನ್ನು. ಬೆರಳಿಂದ ಮಸಿ ಒರೆಸಿ ಬೆಳಕಿಗೆ ಓರೆಯಾಗಿ ಹಿಡಿದರೆ ಸಣ್ಣ ಅಕ್ಷರಗಳು ಏಳುತ್ತವೆ: ನಂಬರು, ಸಿಪಾಯಿ ಎಂಬ ದರ್ಜೆ, ಹೆಸರು, ಪಲ್ಟಣ. ಬರಗಾಲದಲ್ಲಿ ಕರಗಿಸಿ ಕಾಳು ತಂದ ಮನೆಗಳಲ್ಲಿ ಇದೂ ಇಲ್ಲ, ಅವರನ್ನು ದೂರುವಂತಿಲ್ಲ.

ಅಂಚಿನ ಮೇಲೆ ಅಪ್ಪನ ಹೆಸರಿರುವುದಿಲ್ಲ, ಊರೂ ಇರುವುದಿಲ್ಲ. ಒಂದೇ ಹೆಸರಿನವರು ಓಣಿಗೆ ಇಬ್ಬರಿರುವಾಗ ಅವನು ಯಾರ ಮಗ ಎಂಬುದಕ್ಕೆ ಮತ್ತೆ ಹೆಳವರೇ ಬೇಕು. ಅವರ ಹೊತ್ತಿಗೆ ಮುಖ್ಯವಾಗಿ ಗಂಡುಮಕ್ಕಳ ಸಾಲು. ಸಿಪಾಯಿಯನ್ನು ಕಾದು ಕೂತ ಹೆಂಡತಿಯ ಹೆಸರು ಅಲ್ಲಿ ಸಿಗುವುದು ಕಷ್ಟ, ಅದಕ್ಕೆ ಮನೆಯ ಹಿರಿಯ ಹೆಂಗಸರನ್ನೇ ಕೇಳಬೇಕು. ಹೆಳವರು ಮಾತ್ರ ಓದುತ್ತ ಹೋಗುತ್ತಾರೆ: ಇವನಿಗೆ ಮೂವರು ಮಕ್ಕಳು, ನಡುವಿನವನಿಗೆ ಸಂತಾನವಿಲ್ಲ, ಕಿರಿಯವನ ಮಗ ಇವನು. ಕೇಳುವವರು ಅಲ್ಲಿ ತಡೆದು ನಡುವಿನವನ ಹೆಸರನ್ನು ಇನ್ನೊಮ್ಮೆ ಓದಿಸುತ್ತಾರೆ.