ಒಸ್ಸಾನರ ಕೈ, ನಮ್ಮ ಕೆನ್ನೆ

ಮಂಗಳೂರಿನ ಬ್ಯಾರಿ ಮನೆಗಳಲ್ಲಿ ಮಗು ಹುಟ್ಟಿದ ಏಳನೆಯ ದಿನ ಮುಡಿ ತೆಗೆಯಲು ಬರುತ್ತಿದ್ದವರು ಒಸ್ಸಾನರು. ನೆತ್ತಿಯ ಮೂಳೆ ಇನ್ನೂ ಕೂಡದ ಹಸುಗೂಸಿನ ತಲೆಯ ಮೇಲೆ ಕತ್ತಿಯಾಡಿಸಿ, ಒಂದು ಗೀರೂ ಬೀಳದಂತೆ ಕೂದಲು ತೆಗೆಯುತ್ತಿದ್ದರು. ಆ ಕೂದಲಿನ ತೂಕದಷ್ಟು ಬೆಳ್ಳಿಯನ್ನು ಬಡವರಿಗೆ ದಾನ ಮಾಡುವುದು ಸಂಪ್ರದಾಯ. ಹುಡುಗರ ಸುನ್ನತಿಗೂ ಅವರೇ ಬೇಕು. ತುಳುನಾಡಿನ ಹಿಂದೂ ಮನೆಗಳಲ್ಲಿ ಭಂಡಾರಿಗಳು ಮಾಡುತ್ತಿದ್ದ ಕ್ಷೌರದ ಕೆಲಸವನ್ನು ನಮ್ಮಲ್ಲಿ ಇವರು ಮಾಡುತ್ತಿದ್ದರು.

ಆ ಕೈಯ ಹಿಂದೆ ಒಂದು ವಿದ್ಯೆಯಿತ್ತು. ಕತ್ತಿಯನ್ನು ಸಾಣೆಕಲ್ಲಿಗೆ ಹಿಡಿದು, ತೊಗಲಿನ ಪಟ್ಟಿಗೆ ತೀಡಬೇಕು. ಕಡಲ ಗಾಳಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಬೇಕು. ದಾಡಿಗೆ ಮೊದಲು ಕೆನ್ನೆಯನ್ನು ಚೆನ್ನಾಗಿ ನೆನೆಸಬೇಕು. ನೀರು ಹೀರಿದ ಕೂದಲು ಮೆದುವಾಗುತ್ತದೆ. ಒಣ ಕೂದಲಿಗೆ ಬಲ ಹಾಕಿದರೆ ಆ ಬಲ ಚರ್ಮವನ್ನೇ ಕೆರೆಯುತ್ತದೆ. ಒಂದು ಕೈಯಿಂದ ಚರ್ಮವನ್ನು ಮೆಲ್ಲನೆ ಬಿಗಿಹಿಡಿದು, ಕೂದಲು ಬೆಳೆದ ದಿಕ್ಕಿನಲ್ಲೇ ಕತ್ತಿ ಎಳೆಯಬೇಕು. ನುಣುಪಿನ ಆಸೆಗೆ ಎದುರು ದಿಕ್ಕಿನಲ್ಲಿ ಬುಡಕ್ಕೆ ಎಳೆದರೆ, ತುಂಡಾದ ಕೂದಲು ಚರ್ಮದೊಳಗೆ ಸರಿದು ಅಲ್ಲೇ ಬಾಗಿ ಬೆಳೆಯುತ್ತದೆ. ಕುತ್ತಿಗೆಯಲ್ಲಿ ಏಳುವ ಕೆಂಪು ಗುಳ್ಳೆಗಳಿಗೆ ಇದೊಂದು ಮುಖ್ಯ ಕಾರಣ. ಗುಂಗುರು ಕೂದಲಿನವರಿಗೆ ಈ ಕಾಟ ಹೆಚ್ಚು. ಕೊನೆಗೆ ತಣ್ಣೀರು, ಸಣ್ಣ ಗಾಯವಾದರೆ ರಕ್ತ ನಿಲ್ಲಿಸಲು ಪಟಿಕ.

ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ತನ್ನ ಹೊಸ ರೇಜರನ್ನು ಮಾರುಕಟ್ಟೆಗೆ ತಂದ 1903ರಲ್ಲಿ ಮಾರಾಟವಾದದ್ದು ಕೇವಲ 51 ರೇಜರು, 168 ಬ್ಲೇಡು. 1904ರಲ್ಲಿ ಪೇಟೆಂಟ್ ದೊರೆಯಿತು. ಮೊದಲ ಮಹಾಯುದ್ಧದ ಸೈನಿಕರ ಚೀಲ ಸೇರಿದ ಮೇಲೆ ಅದು ಲೋಕವನ್ನೇ ಸುತ್ತಿತು. ಬ್ಲೇಡಿನಿಂದ ಒಳ್ಳೆಯದೂ ಆಯಿತು. ಒಂದೇ ಕತ್ತಿ ಹಲವು ಮುಖಗಳಿಗೆ ಸೋಂಕು ಹರಡುವ ಅಪಾಯವಿತ್ತು. ಈಗ ಸೆಲೂನಿನಲ್ಲಿ ಹೊಸ ಬ್ಲೇಡು ಕೇಳಿ ಹಾಕಿಸಿಕೊಳ್ಳುತ್ತೇವೆ. ಆದರೆ ಕತ್ತಿ ನಮ್ಮ ಕೈಗೆ ಬಂದಷ್ಟು ಸುಲಭವಾಗಿ ಆ ವಿದ್ಯೆ ಬರಲಿಲ್ಲ. ಅವಸರದಲ್ಲಿ ಒಣ ಕೆನ್ನೆ ಕೆರೆದುಕೊಂಡು, ಉರಿಗೆ ಬ್ಲೇಡನ್ನು ದೂರುತ್ತೇವೆ.

ಇಷ್ಟೆಲ್ಲ ಬಲ್ಲವರಿಗೆ ಸಮಾಜ ಕೊಟ್ಟ ಸ್ಥಾನವೇನು? 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ ಅವರ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಗ್ರಂಥವು, ಮಲಬಾರಿನ ಮುಸ್ಲಿಮರಲ್ಲಿ ಒಸ್ಸಾನರನ್ನು ವೃತ್ತಿಯ ಕಾರಣಕ್ಕೆ ಎಲ್ಲರಿಗಿಂತ ಕೆಳಗಿಟ್ಟಿದ್ದನ್ನು ದಾಖಲಿಸಿದೆ. ನಮ್ಮ ಕರಾವಳಿಯೂ ಇದಕ್ಕೆ ಹೊರತಾಗಿರಲಿಲ್ಲ. ನನ್ನ ಅಜ್ಜ ಕಣ್ಣು ಮುಚ್ಚಿ ಒಸ್ಸಾನರ ಕತ್ತಿಗೆ ಕತ್ತು ಒಡ್ಡುತ್ತಿದ್ದರು. ಮಸೀದಿಯಲ್ಲಿ ಅವರ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದರು. ಆದರೆ ಅವರ ಮನೆಯೊಂದಿಗೆ ಮದುವೆ ಸಂಬಂಧದ ಮಾತೆತ್ತಿದರೆ ಸುಮ್ಮನಾಗುತ್ತಿದ್ದರು. ಮನುಷ್ಯರಲ್ಲಿ ಮೇಲುಕೀಳಿಲ್ಲವೆಂದು ಸಾರುವ ಧರ್ಮವನ್ನು ನಂಬಿದವರು ನಾವು!

ಉರಿಯಿಲ್ಲದ ದಾಡಿಯ ಗುಟ್ಟನ್ನು ನಾನು ಕಲಿತದ್ದು ಆ ಕೈಗಳನ್ನು ನೋಡಿಯೇ. ಇಂದು ಬೆಳಿಗ್ಗೆ ಕೆನ್ನೆಗೆ ನೀರು ಹಚ್ಚಿ ಕಾಯುವಾಗಲೂ ಅವರು ನೆನಪಾದರು. ನಮ್ಮ ಮಗುವಿನ ನೆತ್ತಿಯನ್ನು ಅಷ್ಟು ನಂಬಿಕೆಯಿಂದ ಒಪ್ಪಿಸಿದ ನಾವು, ಅವರ ಮಕ್ಕಳಿಗೆ ಸಮಾನವಾದ ಜಾಗ ಕೊಡಲು ಯಾಕೆ ಹಿಂಜರಿದೆವು?